ಗಣಪತಿಯ ಟಿಟ್ವಾಲಾದಿಂದ ತಲಾಸರಿಗೆ: ದೈವಭಕ್ತರ ನಾಡಿನಲ್ಲಿ ಕೆಂಬಾವುಟ ಗೆಲ್ಲುವುದು ಹೇಗೆ?

ಕಲ್ಯಾಣದಿಂದ ಕಸಾರಾ ಕಡೆಗೆ ಹೋಗುವ ಲೋಕಲ್ ಹತ್ತಿದರೆ ಮೊದಲು ಶಹಾಡ್, ನಂತರ ಅಂಬಿವಲಿ, ಅದಾದ ಮೇಲೆ ಟಿಟ್ವಾಲಾ. ಮುಂಬೈ ಕನ್ನಡಿಗರಲ್ಲಿ ಈ ಊರಿನ ಹೆಸರು ಕೇಳದವರು ಕಡಿಮೆ. ಅಂಗಾರಕ ಸಂಕಷ್ಟಿಯ ದಿನ ಇಲ್ಲಿನ ಮಹಾಗಣಪತಿ ದರ್ಶನಕ್ಕೆ ನಸುಕಿನಿಂದಲೇ ಸರತಿ ಸಾಲು ಬೆಳೆಯುತ್ತದೆ. ಮದುವೆ ಕೂಡಿ ಬರದವರು ಇಲ್ಲಿ ಹರಕೆ ಹೊತ್ತರೆ ಕಂಕಣ ಭಾಗ್ಯ ಒದಗುತ್ತದೆ ಎಂಬುದು ಭಕ್ತರ ನಂಬಿಕೆ.

ಇದೇ ಟಿಟ್ವಾಲಾದಲ್ಲಿ 1945ರ ಜನವರಿಯಲ್ಲಿ ಮತ್ತೊಂದು ಬಗೆಯ ಜನ ಸೇರಿದ್ದರು. ಮಹಾರಾಷ್ಟ್ರ ರಾಜ್ಯ ಕಿಸಾನ್ ಸಭಾದ ಮೊದಲ ಸಮ್ಮೇಳನ ನಡೆದದ್ದು ಇಲ್ಲಿಯೇ. ಥಾಣೆ ಜಿಲ್ಲೆಯ ಉತ್ತರ ತುದಿಯ ಉಂಬರ್‌ಗಾಂವ್ ತಾಲ್ಲೂಕಿನಿಂದ ಬೆರಳೆಣಿಕೆಯಷ್ಟು ವಾರ್ಲಿ ಆದಿವಾಸಿಗಳೂ ಬಂದಿದ್ದರು. ಅವರಲ್ಲಿ ಒಬ್ಬರಾದ ಮಾಹ್ಯಾ ಧಾಂಗ್ಡಾ ವೇದಿಕೆ ಹತ್ತಿ ತಮ್ಮವರ ಜೀತದ ಬದುಕನ್ನು ಹೇಳಿಕೊಂಡರು. ಆ ಜೀತಕ್ಕೆ ಒಂದು ದೊಡ್ಡ ಕಾರಣ ಮದುವೆಯೇ ಆಗಿತ್ತು.

ಇದಾಗಿ ಎಂಟು ದಶಕಗಳಾದವು. ಕಲ್ಯಾಣ, ಡೊಂಬಿವಲಿ, ಥಾಣೆ, ನವಿ ಮುಂಬೈಯಲ್ಲಿ ಇಂದು ಎಡಪಕ್ಷಗಳು ಗೋಡೆ ಬರಹಕ್ಕೂ ಸಿಗುವುದು ಅಪರೂಪ. ಆದರೆ ಅದೇ ಹಳೆಯ ಥಾಣೆ ಜಿಲ್ಲೆಯ ಇನ್ನೊಂದು ತುದಿಯಲ್ಲಿ, 2014ರ ಆಗಸ್ಟ್ 1ರಂದು ಪಾಲ್ಘರ್ ಜಿಲ್ಲೆಗೆ ಸೇರಿಹೋದ ತಲಾಸರಿ ಮತ್ತು ಡಹಾಣುವಿನಲ್ಲಿ ಪರಿಸ್ಥಿತಿ ಬೇರೆಯೇ ಇದೆ. ಮಹಾರಾಷ್ಟ್ರ ವಿಧಾನಸಭೆಯಲ್ಲಿ ಸಿಪಿಎಂಗೆ ಇರುವ ಒಬ್ಬನೇ ಶಾಸಕ ವಿನೋದ್ ನಿಕೋಲೆ ಇಲ್ಲಿಂದ ಗೆದ್ದವರು. 2019ರಲ್ಲಿ ಅವರ ಗೆಲುವಿನ ಅಂತರ 4,707 ಮತ, 2024ರಲ್ಲಿ 5,133 ಮತ. ಎರಡೂ ಬಾರಿ ಸೋತದ್ದು ಬಿಜೆಪಿ. 2024ರಲ್ಲಿ ರಾಜ್ಯದ ತುಂಬ ಬಿಜೆಪಿ ಕೂಟದ ಅಲೆ ಇದ್ದಾಗಲೂ ಈ ಕ್ಷೇತ್ರ ಅಲುಗಲಿಲ್ಲ.

ಹಾಗೆಂದು ಇಲ್ಲಿನ ಜನ ನಾಸ್ತಿಕರೇ? ಖಂಡಿತ ಅಲ್ಲ. ಚೈತ್ರ ಹುಣ್ಣಿಮೆಗೆ ಡಹಾಣುವಿನ ಮಹಾಲಕ್ಷ್ಮಿ ಜಾತ್ರೆ ಶುರುವಾದರೆ ಹೆದ್ದಾರಿಯಲ್ಲಿ ವಾಹನ ಮುಂದೆ ಸಾಗುವುದೇ ಕಷ್ಟ. ವಾರ್ಲಿಗಳ ಹೊಲದ ಅಂಚಿನಲ್ಲಿ ಹುಲಿದೇವರ ಕಲ್ಲು ಇರುತ್ತದೆ. ಕಾಯಿಲೆ ಬಿದ್ದರೆ ಇಂದಿಗೂ ಅನೇಕರು ಮೊದಲು ಹೋಗುವುದು ಭಗತನ, ಅಂದರೆ ಊರ ಮಂತ್ರವಾದಿಯ ಬಳಿಗೆ. ಮದುವೆಯ ಮಂತ್ರ ಹಾಡುವವಳು ಧವಳೇರಿ ಎಂಬ ಹೆಣ್ಣು. ಅವಳು ಬಾರದೆ ಲಗ್ನ ಆಗದು. ಇದರ ಜೊತೆಗೆ ಸಂಘ ಪರಿವಾರದ ವನವಾಸಿ ಕಲ್ಯಾಣ ಕೇಂದ್ರ ತಲಾಸರಿಯಲ್ಲಿ ದಶಕಗಳಿಂದ ವಸತಿ ನಿಲಯ ನಡೆಸುತ್ತಿದೆ. ಕ್ರೈಸ್ತ ಮಿಷನ್‌ನ ಶಾಲೆಯೂ ಇದೆ. ಧರ್ಮದ ಹೆಸರಿನಲ್ಲಿ ಕೆಲಸ ಮಾಡುವವರಿಗೆ ಇಲ್ಲಿ ಕೊರತೆಯಿಲ್ಲ. ಹೀಗಿದ್ದೂ ಕೆಂಬಾವುಟ ಉಳಿದಿರುವುದು ಹೇಗೆ?

ಮದುವೆಗೆ ಮಾಡಿದ ಸಾಲ, ಜೀವನಪೂರ್ತಿ ಜೀತ

ಉತ್ತರ ಹುಡುಕಲು 1945ಕ್ಕೇ ಹೋಗಬೇಕು. ಆಗ ಈ ಭಾಗದ ಜಮೀನಿನ ಬಹುಪಾಲು ಸಾವ್ಕಾರರ ಮತ್ತು ಭೂಮಾಲೀಕರ ಕೈಯಲ್ಲಿತ್ತು. ಕಾಡು ಸರ್ಕಾರದ್ದು, ಮರ ಕಡಿಸುವ ಗುತ್ತಿಗೆ ವ್ಯಾಪಾರಿಗಳದ್ದು. ವಾರ್ಲಿಗೆ ಉಳಿದಿದ್ದು ದುಡಿಮೆ ಮಾತ್ರ. ಹುಡುಗನಿಗೆ ಮದುವೆಯಾಗಬೇಕಾದರೆ ಹೆಣ್ಣಿನ ಮನೆಗೆ ತೆರ ಕೊಡಬೇಕು, ಊರಿಗೆ ಊಟ ಹಾಕಬೇಕು. ಅದಕ್ಕೆ ಸಾವ್ಕಾರನಿಂದ ಸಾಲ. ಸಾಲ ತೀರುವವರೆಗೆ ಅವನ ಹೊಲದಲ್ಲಿ ಚಾಕರಿ. ಸಾಲ ತೀರುತ್ತಲೇ ಇರಲಿಲ್ಲ. ಹೀಗೆ ಸಿಕ್ಕಿಬಿದ್ದವರಿಗೆ 'ಲಗ್ನಗಡಿ' ಎಂದು ಹೆಸರು. ಲಗ್ನಕ್ಕೆ ಸಾಲ ಮಾಡಿದ ಆಳು ಎಂದರ್ಥ. ಹೆಂಡತಿಯೂ ಆಳು, ಹುಟ್ಟಿದ ಮಕ್ಕಳೂ ಆಳು.

ಪುಣೆಯ ಗೋಖಲೆ ಮನೆತನದಲ್ಲಿ ಹುಟ್ಟಿ, ಕಾನೂನು ಓದಿದ್ದ ಗೋದಾವರಿ ಪರುಳೇಕರ್ ಮತ್ತು ಅವರ ಪತಿ ಶಾಮರಾವ್ ಪರುಳೇಕರ್ ಈ ಹಳ್ಳಿಗಳಿಗೆ ಬಂದದ್ದು ಈ ಹೊತ್ತಿನಲ್ಲಿ. ಗೋದಾವರಿಯವರನ್ನು ಇಲ್ಲಿನವರು 'ಗೋದೂತಾಈ' ಎಂದೇ ಕರೆದರು. ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ಕನ್ನಡದ ಕಿವಿಗೆ ಅದು ತಾಯಿ ಎಂದೇ ಕೇಳುತ್ತದೆ. ಎರಡರಲ್ಲಿ ಯಾವುದಾದರೂ ಇಲ್ಲಿ ತಪ್ಪಾಗದು.

1945ರ ಮೇ 23ರಂದು ಝರಿ ಎಂಬ ಹಳ್ಳಿಯಲ್ಲಿ ಸುಮಾರು 5 ಸಾವಿರ ವಾರ್ಲಿಗಳು ಸೇರಿದರು. ಅಲ್ಲಿ ಆದ ತೀರ್ಮಾನದಲ್ಲಿ ಕ್ರಾಂತಿಯ ದೊಡ್ಡ ಮಾತು ಇರಲಿಲ್ಲ. ದಿನಕ್ಕೆ 12 ಆಣೆ ಕೂಲಿ ಕೊಡದೆ ಮಾಲೀಕನ ಹೊಲಕ್ಕೆ ಇಳಿಯುವುದಿಲ್ಲ, ಬಿಟ್ಟಿ ಚಾಕರಿ ಮಾಡುವುದಿಲ್ಲ, ಇಷ್ಟೇ. ಆ ಮಳೆಗಾಲದಲ್ಲೇ ಬಿಟ್ಟಿ ಚಾಕರಿ ನಿಲ್ಲುತ್ತಾ ಬಂತು. ಊರಿಂದ ಊರಿಗೆ ಮೆರವಣಿಗೆ ಹೋಗಿ ಲಗ್ನಗಡಿಗಳನ್ನು ಸಾವ್ಕಾರರ ಮನೆಯಿಂದ ಬಿಡಿಸಿ ತಂದರು.

ಅಕ್ಟೋಬರ್‌ನಲ್ಲಿ ಹುಲ್ಲು ಕೊಯ್ಲಿನ ಕೂಲಿಗಾಗಿ ಮುಷ್ಕರ ನಡೆಯಿತು. ಆಗ ಮುಂಬೈಯ ದನದ ಕೊಟ್ಟಿಗೆಗಳಿಗೆ ಹುಲ್ಲು ಹೋಗುತ್ತಿದ್ದುದು ಇಲ್ಲಿಂದಲೇ. ಅಕ್ಟೋಬರ್ 10ರಂದು ತಲವಾಡಾದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಜೇಠ್ಯಾ ಗಾಂಗಡ್ ಸೇರಿ ಐವರು ಸತ್ತರು. ಪರುಳೇಕರ್ ದಂಪತಿಯನ್ನು ಜಿಲ್ಲೆಯಿಂದ ಗಡಿಪಾರು ಮಾಡಲಾಯಿತು. ಈ ದಿನಗಳ ಬಗ್ಗೆ ಗೋದಾವರಿ ಮರಾಠಿಯಲ್ಲಿ ಬರೆದ 'ಜೆವ್ಹಾ ಮಾಣೂಸ್ ಜಾಗಾ ಹೋತೋ' ಕೃತಿಗೆ 1972ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನುಷ್ಯ ಎಚ್ಚರವಾದಾಗ ಎಂಬುದು ಹೆಸರಿನ ಅರ್ಥ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಪಕ್ಷ ಜನರ ನಂಬಿಕೆಗೆ ಕೈ ಹಾಕಲಿಲ್ಲ. ತೆರ ಕೊಡುವುದು ಮೂಢನಂಬಿಕೆ, ಧವಳೇರಿಯನ್ನು ಬಿಡಿ ಎಂಬ ಭಾಷಣದಿಂದ ಅದು ಶುರುವಾಗಿದ್ದರೆ ಎರಡನೆಯ ಸಭೆಗೆ ಯಾರೂ ಬರುತ್ತಿರಲಿಲ್ಲವೇನೋ. ಮದುವೆ ಹಾಗೆಯೇ ಉಳಿಯಿತು, ಅದರ ಹಿಂದಿನ ಸಾಲದ ಸರಪಳಿ ಹೋಯಿತು. ಅಂದರೆ ಧರ್ಮ ಮತ್ತು ಜೀತ ಒಂದಕ್ಕೊಂದು ಹೆಣೆದುಕೊಂಡಿದ್ದ ಜಾಗದಲ್ಲಿ ಜೀತದ ಎಳೆಯನ್ನಷ್ಟೇ ಎಳೆದು ತೆಗೆದರು. ಜನರಿಗೆ ಬಾವುಟದ ಪರಿಚಯವಾದದ್ದು ಮಾರ್ಕ್ಸ್ ಹೆಸರಿನಿಂದಲ್ಲ, ಮಗ ಮನೆಗೆ ವಾಪಸ್ ಬಂದದ್ದರಿಂದ.

ಚುನಾವಣೆಗೆ ಮುಂಚೆ ಗೆಲ್ಲುವ ಜಾಗ

ಈ ಬಂಡವಾಳ ಮತಪೆಟ್ಟಿಗೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1957ರಲ್ಲಿ ಶಾಮರಾವ್ ಪರುಳೇಕರ್ ಥಾಣೆಯಿಂದ ಲೋಕಸಭೆಗೆ ಆರಿಸಿಬಂದರು. ಅದು ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾವಿನ ಚುನಾವಣೆಯೂ ಹೌದು. 1960ರಲ್ಲಿ ಉಂಬರ್‌ಗಾಂವ್ ಗುಜರಾತಿಗೆ ಹೋಯಿತು, ಮಹಾರಾಷ್ಟ್ರದಲ್ಲಿ ಉಳಿದ ಭಾಗ ತಲಾಸರಿ ತಾಲ್ಲೂಕಾಯಿತು. 1977ರಲ್ಲಿ ಡಹಾಣು ಲೋಕಸಭಾ ಕ್ಷೇತ್ರದಲ್ಲಿ ಸಿಪಿಎಂನ ಲಹಾನು ಕೋಮ್ ಗೆದ್ದರು.

ಆದರೆ ಪಕ್ಷದ ನಿಜವಾದ ಕೋಟೆ ದಿಲ್ಲಿಯಲ್ಲೂ ಇಲ್ಲ, ಮುಂಬೈಯಲ್ಲೂ ಇಲ್ಲ. ಅದು ತಲಾಸರಿ ಪಂಚಾಯತ್ ಸಮಿತಿ, ಅಂದರೆ ನಮ್ಮ ಕಡೆಯ ತಾಲ್ಲೂಕು ಪಂಚಾಯಿತಿ. 1960ರ ದಶಕದಿಂದಲೂ ಇಲ್ಲಿ ಎಡಪಕ್ಷದ ಹಿಡಿತವಿದೆ. 2020ರ ಜನವರಿಯಲ್ಲಿ ಪಾಲ್ಘರ್ ಜಿಲ್ಲಾ ಪರಿಷತ್ತಿನ 57 ಸ್ಥಾನಗಳಿಗೆ ಚುನಾವಣೆ ನಡೆದಾಗ ಸಿಪಿಎಂಗೆ ಸಿಕ್ಕಿದ್ದು 6. ಜಿಲ್ಲೆಯ ಲೆಕ್ಕದಲ್ಲಿ ಅದು ಸಣ್ಣ ಸಂಖ್ಯೆ. ತಲಾಸರಿ ಪಂಚಾಯತ್ ಸಮಿತಿಯಲ್ಲಿ ಮಾತ್ರ ಬಹುಮತ ಕೈ ತಪ್ಪಲಿಲ್ಲ.

ತಲಾಸರಿಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಆದಿವಾಸಿಗಳು. ಊರು ಎಂದರೆ ಒತ್ತೊತ್ತಾದ ಬೀದಿಗಳಲ್ಲ, ದೂರ ದೂರ ಚದುರಿದ 'ಪಾಡಾ'ಗಳು. ಪಾಡಾ ಎಂದರೆ ಹಾಡಿಯಂಥ ಸಣ್ಣ ಕೇರಿ. ಪ್ರಚಾರದ ವಾಹನ ಒಂದು ಸಲ ಹಾರ್ನ್ ಹೊಡೆದು ಹೋದರೆ ಅಲ್ಲಿ ಮತ ಬೀಳದು. ಪಾಡಾದಲ್ಲೇ ಇರುವ, ಅದೇ ಕುಲದ, ಅದೇ ದೇವರಿಗೆ ಕೋಳಿ ಕೊಡುವ ಒಬ್ಬ ಕಾರ್ಯಕರ್ತ ಬೇಕು. ಕಿಸಾನ್ ಸಭಾದ ಘಟಕಗಳು ಒದಗಿಸುವುದು ಇದನ್ನೇ. ರೇಷನ್ ಕಾರ್ಡ್‌ನಲ್ಲಿ ಹೆಸರು ಬಿಟ್ಟುಹೋದರೆ, ಉದ್ಯೋಗ ಖಾತರಿಯ ಕೂಲಿ ಬಾರದಿದ್ದರೆ, ಫಾರೆಸ್ಟ್ ಗಾರ್ಡ್ ದನ ಹಿಡಿದುಕೊಂಡು ಹೋದರೆ ಜನ ಮೊದಲು ಹುಡುಕುವುದು ಅವನನ್ನು.

ಎಲ್ಲಕ್ಕಿಂತ ದೊಡ್ಡ ವಿಷಯ ಅರಣ್ಯ ಜಮೀನಿನದು. ಥಾಣೆ ಜಿಲ್ಲೆಯಲ್ಲಿ 'ಏಕ್‌ಸಾಲಿ' ಎಂದು ಕರೆಯುವ ತುಂಡು ಜಮೀನುಗಳಿದ್ದವು. ಕಾಡಿನ ಜಾಗವನ್ನು ಒಂದು ವರ್ಷದ ಮಟ್ಟಿಗೆ ಉಳುಮೆಗೆ ಕೊಡುವ ವ್ಯವಸ್ಥೆ ಅದು. ಒಂದು ವರ್ಷಕ್ಕೆಂದು ಕೊಟ್ಟ ನೆಲವನ್ನು ಕುಟುಂಬಗಳು ತಲೆಮಾರುಗಟ್ಟಲೆ ಉತ್ತವು. ಆದರೆ ಕಾಗದದಲ್ಲಿ ಅವು ಅತಿಕ್ರಮಣದಾರರ ಪಟ್ಟಿಯಲ್ಲೇ ಉಳಿದವು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ, 2005ರ ಡಿಸೆಂಬರ್ 13ಕ್ಕೆ ಮುಂಚೆ ಉಳುಮೆ ಮಾಡುತ್ತಿದ್ದ ಆದಿವಾಸಿ 4 ಹೆಕ್ಟೇರ್‌ವರೆಗೆ ಹಕ್ಕು ಕೇಳಬಹುದು. ಅರ್ಜಿ ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ. ಪುರಾವೆ, ನಕ್ಷೆ, ಹಿರಿಯರ ಹೇಳಿಕೆ ಎಲ್ಲ ಬೇಕು. ಓದು ಬಾರದ ಕುಟುಂಬ ಇದನ್ನು ಒಂಟಿಯಾಗಿ ಮಾಡಲಾರದು. ಅರ್ಜಿ ತುಂಬಿಸಿ, ತಿರಸ್ಕೃತವಾದರೆ ಮೇಲ್ಮನವಿ ಹಾಕಿಸಿ, ಆಗಲೂ ಆಗದಿದ್ದರೆ ಪ್ರಾಂತ ಕಚೇರಿಯ ಮುಂದೆ ಸಾವಿರ ಜನರನ್ನು ಕೂರಿಸುವ ಸಂಘಟನೆಗೆ ಮತ ಹಾಕುವುದು ಇಲ್ಲಿ ಸಿದ್ಧಾಂತದ ಪ್ರಶ್ನೆಯೇ ಅಲ್ಲ. ಅರ್ಧ ದಾರಿಯಲ್ಲಿರುವ ಕಡತವನ್ನು ಯಾರ ಕೈಗೆ ಕೊಡಬೇಕು ಎಂಬ ಪ್ರಶ್ನೆ.

ಇದರ ಜೊತೆಗೆ ಶಾಲೆ, ಕಾಲೇಜು ಇವೆ. ಆದಿವಾಸಿ ಪ್ರಗತಿ ಮಂಡಲ ನಡೆಸುವ, ಗೋದಾವರಿ ಶಾಮರಾವ್ ಪರುಳೇಕರ್ ಹೆಸರಿನ ಕಾಲೇಜು ತಲಾಸರಿಯಲ್ಲೇ ಇದೆ. ಕಲ್ಯಾಣ ಕೇಂದ್ರದ ವಸತಿ ನಿಲಯ, ಮಿಷನ್ ಶಾಲೆ, ಕೆಂಬಾವುಟದವರ ಕಾಲೇಜು, ಮೂರೂ ಒಂದೇ ಸಣ್ಣ ಪೇಟೆಯಲ್ಲಿ. ಪೈಪೋಟಿ ನಡೆಯುತ್ತಿರುವುದು ದೇವರ ಬಗ್ಗೆ ಅನ್ನುವುದಕ್ಕಿಂತ, ಮುಂದಿನ ತಲೆಮಾರಿನ ಮಕ್ಕಳನ್ನು ಯಾರು ಓದಿಸುತ್ತಾರೆ ಎಂಬುದರ ಬಗ್ಗೆ ಎನ್ನುವುದೇ ಸರಿ.

ಸೋಲೂ ಇದೆ, ಟೀಕೆಯೂ ಇದೆ

ಇದನ್ನು ಓದಿ ತಲಾಸರಿ ಎಂದರೆ ಎಡಪಕ್ಷದ ಜಹಗೀರು ಎಂದುಕೊಂಡರೆ ತಪ್ಪಾಗುತ್ತದೆ. ಸಂಘದ ವನವಾಸಿ ಕೆಲಸದ ಹಿನ್ನೆಲೆಯಿಂದ ಬಂದ ಬಿಜೆಪಿಯ ಚಿಂತಾಮಣ್ ವಾಂಗಾ ಇದೇ ಭಾಗದಿಂದ 1996, 1999 ಮತ್ತು 2014ರಲ್ಲಿ ಲೋಕಸಭೆಗೆ ಗೆದ್ದರು. ವಾಂಗಾ ಕೂಡ ಆದಿವಾಸಿ, ವಕೀಲ, ಸರಳ ವ್ಯಕ್ತಿ ಎಂದೇ ಹೆಸರಾದವರು. ಕೆಂಬಾವುಟದ ವಿಧಾನವನ್ನೇ ಇನ್ನೊಂದು ಬಣ್ಣದಲ್ಲಿ ಮಾಡಿ ತೋರಿಸಬಹುದು ಎಂಬುದಕ್ಕೆ ಅವರು ಉದಾಹರಣೆ. ಡಹಾಣು ವಿಧಾನಸಭಾ ಕ್ಷೇತ್ರವನ್ನು 2009ರಲ್ಲಿ ಗೆದ್ದ ಸಿಪಿಎಂ 2014ರಲ್ಲಿ ಬಿಜೆಪಿಗೆ ಬಿಟ್ಟುಕೊಟ್ಟಿತು. 2019ರಲ್ಲಿ ವಾಪಸ್ ಪಡೆದದ್ದು ಏಕಾಂಗಿಯಾಗಿ ಅಲ್ಲ, ವಿರೋಧ ಪಕ್ಷಗಳ ಬೆಂಬಲದಿಂದ.

ಎಡದ ಒಳಗಿನಿಂದಲೂ ಪ್ರಶ್ನೆ ಬಂದಿದೆ. 1970ರ ದಶಕದ ಕೊನೆಯಲ್ಲಿ ಡಹಾಣುವಿನಲ್ಲಿ ಹುಟ್ಟಿದ ಕಷ್ಟಕರಿ ಸಂಘಟನಾ ಆದಿವಾಸಿಗಳ ಪರ ದುಡಿಯುತ್ತಲೇ ಸಿಪಿಎಂ ಹಿಡಿತವನ್ನು ಎದುರಿಸಿತು. ಇಬ್ಬರ ನಡುವೆ ಘರ್ಷಣೆಗಳೂ ಆದವು. ಒಂದೇ ಪಕ್ಷ ಬಹಳ ಕಾಲ ಬೇರೂರಿದ ಕಡೆ ಎರಡನೆಯ ಬಾವುಟಕ್ಕೆ ಜಾಗ ಸಿಗುವುದು ಕಷ್ಟ. ಕೇರಳದ ಕಣ್ಣೂರು, ಕಾಸರಗೋಡಿನ ರಾಜಕೀಯ ಬಲ್ಲ ಕನ್ನಡಿಗರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಧರ್ಮದ ವಿಷಯ ನೇರವಾಗಿ ಎದುರಾದದ್ದು 2020ರಲ್ಲಿ. ಆ ವರ್ಷದ ಏಪ್ರಿಲ್ 16ರ ರಾತ್ರಿ, ಲಾಕ್‌ಡೌನ್ ನಡುವೆ, ಕಳ್ಳರು ಬಂದಿದ್ದಾರೆಂಬ ವದಂತಿಯಿಂದ ಡಹಾಣು ತಾಲ್ಲೂಕಿನ ಗಡಚಿಂಚಲೆಯಲ್ಲಿ ಇಬ್ಬರು ಸಾಧುಗಳು ಮತ್ತು ಅವರ ಚಾಲಕನನ್ನು ಗುಂಪು ಹೊಡೆದು ಕೊಂದಿತು. ದೇಶವೇ ಬೆಚ್ಚಿದ ಘಟನೆ ಅದು. ಇದರ ಹಿಂದೆ ಎಡಪಕ್ಷದವರಿದ್ದಾರೆ ಎಂದು ಬಿಜೆಪಿ ನಾಯಕರು ಆರೋಪಿಸಿದರು, ಸಿಪಿಎಂ ಅದನ್ನು ತಳ್ಳಿಹಾಕಿತು. ಮುಂದಿನ ವಿಧಾನಸಭಾ ಚುನಾವಣೆಯಲ್ಲಿ ಇದು ಪಕ್ಷವನ್ನು ಮುಳುಗಿಸಬಹುದಿತ್ತು. ಹಾಗಾಗಲಿಲ್ಲ, ಅಂತರ ನಾನೂರು ಮತಗಳಷ್ಟು ಹೆಚ್ಚಿತು. ಆದರೆ 5 ಸಾವಿರದ ಗೆಲುವನ್ನು ಭದ್ರ ಕೋಟೆ ಎನ್ನಲಾಗದು.

ಕಲ್ಯಾಣದಲ್ಲಿ ಯಾಕೆ ಆಗಲಿಲ್ಲ?

ಇಲ್ಲಿ ಸಹಜವಾಗಿ ಒಂದು ಪ್ರಶ್ನೆ ಬರುತ್ತದೆ. ಕಾರ್ಮಿಕರ ಪಕ್ಷ ಕಾರ್ಮಿಕರ ಊರಿನಲ್ಲಿ ಯಾಕೆ ಗೆಲ್ಲಲಿಲ್ಲ? ಅಂಬಿವಲಿಯ ಪಕ್ಕದ ಮೋಹನೆಯಲ್ಲಿ ಎನ್‌ಆರ್‌ಸಿ ಕಾರ್ಖಾನೆ ಇತ್ತು, 2009ರಲ್ಲಿ ಬಾಗಿಲು ಮುಚ್ಚಿತು. ಶಹಾಡ್‌ನಲ್ಲಿ ರೇಯಾನ್, ಡೊಂಬಿವಲಿಯಲ್ಲಿ ಎಂಐಡಿಸಿ, ಥಾಣೆ-ಬೇಲಾಪುರ ರಸ್ತೆಯುದ್ದಕ್ಕೂ ರಾಸಾಯನಿಕ ಕಾರ್ಖಾನೆಗಳು. ಯೂನಿಯನ್‌ಗಳಿಗೆ ಕೊರತೆಯಿರಲಿಲ್ಲ. ಆದರೂ ಮತ ಬೇರೆ ಕಡೆ ಹೋಯಿತು.

ಒಂದು ಕಾರಣ ಸರಳ. ತಲಾಸರಿಯ ವಾರ್ಲಿ ದುಡಿಯುವುದೂ ಬದುಕುವುದೂ ಒಂದೇ ಜಾಗದಲ್ಲಿ. ಡೊಂಬಿವಲಿಯವನು 8.17ರ ಲೋಕಲ್ ಹಿಡಿದು ಎಲ್ಲೋ ದುಡಿದು ರಾತ್ರಿ ಮನೆಗೆ ಬರುತ್ತಾನೆ. ಯೂನಿಯನ್ ಕಾರ್ಖಾನೆಯ ಗೇಟಿನಲ್ಲೇ ನಿಂತಿತು. ಮನೆಯ ನಲ್ಲಿಯಲ್ಲಿ ನೀರು ಬಾರದಾಗ, ಮಗುವಿಗೆ ಶಾಲೆಯಲ್ಲಿ ಸೀಟು ಸಿಗದಾಗ ಅದು ಅಲ್ಲಿರಲಿಲ್ಲ. ಆ ಜಾಗದಲ್ಲಿ ಶಿವಸೇನೆಯ ಶಾಖೆ ಇತ್ತು. ಶಿವಸೇನೆ ಮೊದಲು ಅಧಿಕಾರ ಹಿಡಿದದ್ದೇ 1967ರ ಥಾಣೆ ನಗರಸಭೆಯಲ್ಲಿ ಎಂಬುದನ್ನು ಮರೆಯುವಂತಿಲ್ಲ. ಡೊಂಬಿವಲಿಯಲ್ಲಿ ಸಂಘದ ಶಾಖೆ, ಗಣೇಶ ಮಂದಿರ, ಯುಗಾದಿಯ ದಿನದ ಶೋಭಾಯಾತ್ರೆ ಜನರನ್ನು ಬೆಸೆದವು. ಕಲ್ಯಾಣದಲ್ಲಿ ದುರ್ಗಾಡಿ ಕೋಟೆಯ ವಿವಾದ, ಹಾಜಿ ಮಲಂಗ್ ದರ್ಗಾವನ್ನು ಮಲಂಗಗಡ ಎಂದು ಕರೆದು ಆನಂದ್ ದಿಘೆ ಶುರು ಮಾಡಿದ ಚಳವಳಿ ಚುನಾವಣೆಯ ಮಾತಾದವು. 2024ರ ಜನವರಿಯಲ್ಲೂ ಆಗಿನ ಮುಖ್ಯಮಂತ್ರಿ ಏಕನಾಥ್ ಶಿಂಧೆ ಮಲಂಗಗಡದ 'ಮುಕ್ತಿ'ಯ ಮಾತಾಡಿದ್ದರು.

ಹೀಗೆ ನೋಡಿದರೆ ಕಲ್ಯಾಣದವರು ಹೆಚ್ಚು ಧಾರ್ಮಿಕರು, ತಲಾಸರಿಯವರು ಕಡಿಮೆ ಎಂಬುದು ನಿಲ್ಲುವ ವಾದವಲ್ಲ. ಕಲ್ಯಾಣದಲ್ಲಿ ಮತದಾನದ ದಿನ ದೇವಸ್ಥಾನ ಒಂದು ಪ್ರಶ್ನೆಯಾಗಿ ನಿಂತಿತು, ತಲಾಸರಿಯಲ್ಲಿ ಹೊಲ ಪ್ರಶ್ನೆಯಾಗಿ ಉಳಿಯಿತು.

ಇದೇ ಮಾತು ಯುರೋಪಿನಲ್ಲೂ ಕಾಣಸಿಗುತ್ತದೆ. ಕ್ಯಾಥೊಲಿಕ್ ಸಂಪ್ರದಾಯದ ಆಸ್ಟ್ರಿಯಾದಲ್ಲಿ ಕಮ್ಯುನಿಸ್ಟರು ಸಂಸತ್ತಿನಲ್ಲಿ ಇಲ್ಲ. ಆದರೆ ದೇಶದ ಎರಡನೆಯ ದೊಡ್ಡ ನಗರ ಗ್ರಾಜ್‌ನಲ್ಲಿ 2021ರಲ್ಲಿ ಅವರ ಪಕ್ಷವೇ ಮೊದಲ ಸ್ಥಾನಕ್ಕೆ ಬಂತು, ಎಲ್ಕೆ ಕಾರ್ ಮೇಯರ್ ಆದರು. ಅವರು ದಶಕಗಳ ಕಾಲ ಮಾಡಿದ್ದು ಬಾಡಿಗೆದಾರರ ದೂರು ಕೇಳುವ ಕೆಲಸ. ಗೆದ್ದವರು ಸಂಬಳದ ದೊಡ್ಡ ಪಾಲನ್ನು ಕಷ್ಟದಲ್ಲಿರುವವರಿಗೆ ಕೊಡುತ್ತಾರೆ. ಚರ್ಚಿಗೆ ಹೋಗುವ ಅಜ್ಜಿಯೂ ಅವರಿಗೆ ಮತ ಹಾಕಲು ಇದು ಸಾಕಾಯಿತು. ಡಹಾಣುವಿನ ನಿಕೋಲೆ 2019ರಲ್ಲಿ ಘೋಷಿಸಿದ್ದ ಆಸ್ತಿ ಸುಮಾರು 51 ಸಾವಿರ ರೂಪಾಯಿ. ಕೋಟ್ಯಧಿಪತಿಗಳ ಸದನದಲ್ಲಿ ಅದು ಸುದ್ದಿಯಾಯಿತು.

ಬಂಟ್ವಾಳದ ಪಾಠ

ಕರಾವಳಿ ಕನ್ನಡಿಗರಿಗೆ ಇದರ ಇನ್ನೊಂದು ಮುಖ ಗೊತ್ತಿರಬೇಕು. ಇಂದು ಹಿಂದುತ್ವ ರಾಜಕಾರಣದ ನೆಲೆ ಎನ್ನಿಸಿಕೊಂಡಿರುವ ದಕ್ಷಿಣ ಕನ್ನಡದಲ್ಲಿ ಸಿಪಿಐನ ಬಿ.ವಿ. ಕಕ್ಕಿಲ್ಲಾಯ 1972ರಲ್ಲಿ ಬಂಟ್ವಾಳದಿಂದ, 1978ರಲ್ಲಿ ವಿಟ್ಲದಿಂದ ಶಾಸಕರಾಗಿದ್ದರು. 1983ರಲ್ಲಿ ಉಳ್ಳಾಲದಲ್ಲಿ ಸಿಪಿಎಂನ ಪಿ. ರಾಮಚಂದ್ರ ರಾವ್ ಗೆದ್ದರು. ಆಗಲೂ ಭೂತ ಕೋಲ ನಡೆಯುತ್ತಿತ್ತು, ದೇವಸ್ಥಾನದ ರಥ ಎಳೆಯುತ್ತಿದ್ದರು, ಮಸೀದಿಗೆ ಹೋಗುವವರು ಹೋಗುತ್ತಿದ್ದರು. ಗೇಣಿದಾರರ ಹೋರಾಟ ಮತ್ತು ಬೀಡಿ ಕಾರ್ಮಿಕರ ಯೂನಿಯನ್ ಪಕ್ಷದ ಬೆನ್ನೆಲುಬಾಗಿದ್ದವು.

ಆಮೇಲೆ ಏನಾಯಿತು? ದೇವರಾಜ ಅರಸು ಸರ್ಕಾರದ 1974ರ ಭೂ ಸುಧಾರಣೆಯಿಂದ ಗೇಣಿದಾರ ಒಡೆಯನಾದ. ಭೂ ನ್ಯಾಯ ಮಂಡಳಿಯ ಆದೇಶ ಕೈಗೆ ಬಂದ ಮೇಲೆ ಅರ್ಜಿ ಬರೆದುಕೊಡುವ ಕಾಮ್ರೇಡ್ ಬೇಕಾಗಲಿಲ್ಲ. ಅವನ ಮಗ ಮುಂಬೈಗೆ ಬಂದು ಹೋಟೆಲ್ ಸೇರಿದ, ಮೊಮ್ಮಗ ಬೇರೆ ಬಾವುಟ ಹಿಡಿದ. ಬೇಡಿಕೆ ಈಡೇರಿದ್ದೇ ಪಕ್ಷಕ್ಕೆ ಮುಳುವಾಯಿತು ಎಂದು ಹೇಳಿದರೆ ಅರ್ಧ ಸತ್ಯ. ಹಳೆಯ ಪ್ರಶ್ನೆ ಮುಗಿದಾಗ ಹೊಸ ಪ್ರಶ್ನೆಯನ್ನು ಹಿಡಿಯಲಾಗದ್ದು ಉಳಿದರ್ಧ.

ತಲಾಸರಿ, ಡಹಾಣುವಿನಲ್ಲಿ ಆ ಮೊದಲ ಪ್ರಶ್ನೆಯೇ ಇನ್ನೂ ಮುಗಿದಿಲ್ಲ. ಅರಣ್ಯ ಹಕ್ಕಿನ ಪತ್ರ ಸಿಕ್ಕವರೂ ಈಗ 'ಸಾತ್‌ಬಾರಾ'ದಲ್ಲಿ, ಅಂದರೆ ಪಹಣಿಯಲ್ಲಿ, ತಮ್ಮ ಹೆಸರು ಬರಲಿ ಎಂದು ಕೇಳುತ್ತಿದ್ದಾರೆ. ಇದರ ಮೇಲೆ ಬುಲೆಟ್ ರೈಲಿನ ಭೂಸ್ವಾಧೀನ ಬಂದಿದೆ. ಡಹಾಣು ಕಡಲತೀರದ ವಾಧವಣದಲ್ಲಿ ಸುಮಾರು 76 ಸಾವಿರ ಕೋಟಿ ರೂಪಾಯಿಯ ಬಂದರಿಗೆ 2024ರ ಆಗಸ್ಟ್ 30ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದಾರೆ. ಮೀನುಗಾರರು ಅದನ್ನು ವಿರೋಧಿಸುತ್ತಿದ್ದಾರೆ. ಕೆಲಸ ಸಿಗುತ್ತದೆ ಎಂದು ಕಾಯುವ ಯುವಕರೂ ಇದ್ದಾರೆ. ಕಾಲೇಜು ಮುಗಿಸಿದ ವಾರ್ಲಿ ಹುಡುಗನಿಗೆ ಅಜ್ಜನ 12 ಆಣೆಯ ಕಥೆ ಎಷ್ಟು ದಿನ ಸಾಕಾಗುತ್ತದೆ ಎಂಬುದು ಪಕ್ಷದ ಮುಂದಿರುವ ಕಷ್ಟ.

2018ರ ಮಾರ್ಚ್‌ನಲ್ಲಿ ನಾಶಿಕ್‌ನಿಂದ ಮುಂಬೈಗೆ ನಡೆದ ರೈತರ ಪಾದಯಾತ್ರೆಯನ್ನು ಥಾಣೆಯ ಅನೇಕರು ತಮ್ಮ ಬಾಲ್ಕನಿಯಿಂದ ನೋಡಿದ್ದರು. ಹತ್ತನೆಯ ತರಗತಿ ಪರೀಕ್ಷೆಯ ಮಕ್ಕಳಿಗೆ ತೊಂದರೆಯಾಗಬಾರದು ಎಂದು ಕೊನೆಯ ಹಂತವನ್ನು ರಾತ್ರಿಯೇ ನಡೆದು ಮುಗಿಸಿದಾಗ ನಗರದವರು ನೀರು, ಬಿಸ್ಕತ್ತು, ಚಪ್ಪಲಿ ಕೊಟ್ಟರು. ಆ ಯಾತ್ರೆಯ ಮುಖ್ಯ ಬೇಡಿಕೆಗಳಲ್ಲಿ ಅರಣ್ಯ ಜಮೀನೂ ಒಂದು. ಸರ್ಕಾರ ಲಿಖಿತ ಭರವಸೆ ಕೊಟ್ಟು ಕಳಿಸಿತು. 2023ರ ಮಾರ್ಚ್‌ನಲ್ಲಿ ಅದೇ ಬೇಡಿಕೆಯನ್ನೂ ಹೊತ್ತು ಮತ್ತೆ ಬಂದ ರೈತರು ಟಿಟ್ವಾಲಾದಿಂದ ಎರಡು ನಿಲ್ದಾಣ ಆಚೆಗಿನ ವಾಸಿಂದ್‌ನಲ್ಲಿ ತಂಗಿದರು. ಮಾತುಕತೆ ನಡೆಯುತ್ತಿದ್ದಾಗ ಅವರಲ್ಲಿ ಒಬ್ಬ ರೈತ ಅಲ್ಲಿಯೇ ತೀರಿಕೊಂಡರು. ಉಳಿದವರು ಭರವಸೆಯೊಂದಿಗೆ ಊರಿಗೆ ಮರಳಿದರು.